ಹಾಬೊ ವೀಬೆನ್ ಕೊಟ್ಟ ಮಾತು, ನನ್ನ ಮರೆವು

ಹಾಬೊ ವೀಬೆನ್ ರಾಜಕೀಯದಿಂದ ನಿವೃತ್ತನಾಗುತ್ತಿದ್ದಾನೆ, ಬೀಳ್ಕೊಡುಗೆಯ ದಿನ ಓದಲು ಅವನ ಬದುಕಿನ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನಮ್ಮೂರಿನ ಪಕ್ಷದವರು ಬಂದು ಕೇಳಿದರು. ಇಪ್ಪತ್ತಮೂರು ವರ್ಷ ಅವನ ಕಚೇರಿಯ ಬೀಗ ತೆಗೆದು ಬೀಗ ಹಾಕಿದವಳು ನಾನು. ಇನ್ನು ಯಾರನ್ನು ಕೇಳಿಯಾರು? ಬರೆದುಕೊಟ್ಟೆ. ಕಾಲುವೆ ಸಂಘದ ನೌಕರಿ, ಊರ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಹನ್ನೊಂದು ವರ್ಷ ರಾಜ್ಯದ ವಿಧಾನಸಭೆ, ಹನ್ನೆರಡು ವರ್ಷ ಬರ್ಲಿನ್ನಿನ ಸಂಸತ್ತು. ಒಂದು ಪುಟಕ್ಕೆ ಸರಿಯಾಗಿ ಹೊಂದಿಕೊಂಡಿತು. ಓದಿದವರೆಲ್ಲ ಚೆನ್ನಾಗಿದೆ ಎಂದರು. ಚೆನ್ನಾಗಿಲ್ಲದೆ ಏನು, ಹೇಳಬೇಕಾದ್ದನ್ನೇ ಬಿಟ್ಟು ಬರೆದಿದ್ದೆನಲ್ಲ. ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಗೇಶೆ ಹಾರ್ಮ್ಸ್. ನಮ್ಮೂರು ವೆಸ್ಟರ್‌ಫೇನ್‌ಗೆ ಬಂದು ಯಾರನ್ನಾದರೂ ಕೇಳಿ ನೋಡಿ, "ಯಾರು, ಆ ಮರೆಗುಳಿ ಗೇಶೆಯಾ?" ಅನ್ನುತ್ತಾರೆ. ಬ್ರೆಡ್ಡಿನ ಅಂಗಡಿಯವಳು ಚಿಲ್ಲರೆ ಕೊಡುವಾಗ, "ಎಣಿಸ್ಕೊಳ್ಳಮ್ಮ, ಆಮೇಲೆ ಕೊಟ್ಟಿಲ್ಲ ಅಂದುಬಿಟ್ಟೀಯ," ಎಂದು ನಗುತ್ತಾಳೆ. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಅಭ್ಯಾಸದ ದಿನ ಬದಲಾದರೆ, "ಗೇಶೆಗೆ ಎರಡು ಸಲ ಹೇಳಿ," ಅನ್ನುತ್ತಾರೆ. ನಾನೂ ನಗುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಮರೆವು ಎನ್ನುವುದೇ ಇಲ್ಲ. ಒಂದನೇ ತರಗತಿಯಲ್ಲಿ ಹಾಬೊ ಯಾವ ಬೆಂಚಿನಲ್ಲಿ ಕೂತಿದ್ದ, ಯಾವ ದಿನ ಯಾರ ಪೆನ್ಸಿಲು ಕದ್ದ ಎನ್ನುವುದನ್ನೂ ಹೇಳಬಲ್ಲೆ.

ಹಾಬೊ ದೊಡ್ಡ ಮನುಷ್ಯನಾಗುತ್ತಾನೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅವನ ಅಪ್ಪನಂತೆ ಅವನೂ ಕಾಲುವೆ ಸಂಘದಲ್ಲಿ ಕೆಲಸಕ್ಕೆ ಸೇರಿದ. ನಮ್ಮದು ಸಮುದ್ರಕ್ಕಿಂತ ತಗ್ಗಿನ ನೆಲ. ಇಲ್ಲಿ ನೀರು ಹೋಗುವ ದಾರಿ ಕಟ್ಟಿಕೊಂಡರೆ ಎರಡೇ ದಿನದಲ್ಲಿ ಹುಲ್ಲುಗಾವಲು ಕೆರೆಯಾಗುತ್ತದೆ. ಹಾಬೊ ಉದ್ದ ಬೂಟು ಹಾಕಿಕೊಂಡು ಕಾಲುವೆ ಕಾಲುವೆ ಸುತ್ತುತ್ತಿದ್ದ. ಯಾರ ಹೊಲದ ನೀರು ಯಾರ ಹೊಲಕ್ಕೆ ನುಗ್ಗಿತು, ಯಾವ ಅಣ್ಣತಮ್ಮಂದಿರು ಯಾವ ಬದುವಿನ ಜಗಳಕ್ಕೆ ಮಾತು ಬಿಟ್ಟರು, ಎಲ್ಲ ಅವನಿಗೆ ಗೊತ್ತು. ಮನೆಯೊಳಗೆ ಕರೆದು ಚಹಾ ಕೊಡುತ್ತಿದ್ದರು. ಕಲ್ಲುಸಕ್ಕರೆ ಮೇಲೆ ಬಿಸಿ ಚಹಾ, ಅದರ ಮೇಲೆ ಕೆನೆ. ಮೂರು ಬಟ್ಟಲು ಕುಡಿಯದೆ ಏಳುವುದು ನಮ್ಮಲ್ಲಿ ಅವಮಾನ. ಒಂದು ಬೆಳಗ್ಗೆ ಐದು ಮನೆ ಎಂದರೆ ಹದಿನೈದು ಬಟ್ಟಲು. ಚುನಾವಣೆಗೆ ನಿಂತಾಗ ಜನ, "ಭಾಷಣ ಮಾಡಕ್ಕೆ ಬರಲ್ಲ, ಆದ್ರೆ ಆ ಮನುಷ್ಯನ ಮೂತ್ರಕೋಶ ಗಟ್ಟಿ ಇದೆ ಕಣ್ರಿ," ಎಂದು ಹೇಳಿ ಓಟು ಹಾಕಿದರು.

ಕೂತು ಕೇಳುವ ಗುಣವೊಂದೇ ಅವನ ಬಂಡವಾಳ. ಊರ ಪಂಚಾಯಿತಿಯಿಂದ ಜಿಲ್ಲೆಗೆ ಹೋದ, ಜಿಲ್ಲೆಯಿಂದ ರಾಜ್ಯದ ವಿಧಾನಸಭೆಗೆ ಪಕ್ಷದ ಪಟ್ಟಿಯಲ್ಲಿ ಸೇರಿದ. ನಮ್ಮಲ್ಲಿ ಪ್ರತಿ ಪಕ್ಷವೂ ಒಂದು ಪಟ್ಟಿ ಮಾಡುತ್ತದೆ. ಅದರಲ್ಲಿ ಹೆಸರು ಮೇಲಿದ್ದರೆ ಗೆದ್ದ ಹಾಗೆ, ಕೆಳಗಿದ್ದರೆ ಮನೆಗೆ. ಹಾಬೊನ ಹೆಸರು ಹೇಗೋ ಅಂಚಿನಲ್ಲಿ ತೂರಿಕೊಂಡಿತು. ಆಗ ನನ್ನನ್ನು ಕರೆದು, "ಗೇಶೆ, ಕಚೇರಿ ಅಂತ ಒಂದು ಕೊಟ್ಟಿದಾರೆ. ನಂಗೆ ಕಾಗದಪತ್ರ ಅಂದ್ರೆ ಭಯ. ನೀನು ಬಾ," ಎಂದ. ಅದಕ್ಕೆ ಮುಂಚೆ ನಾನು ಹಾಲಿನ ಡೈರಿಯಲ್ಲಿ ಗುಮಾಸ್ತೆಯಾಗಿದ್ದೆ. ಸಂಬಳ ಸ್ವಲ್ಪ ಹೆಚ್ಚು ಕೊಡುತ್ತೇನೆ ಎಂದ, ಹೋದೆ.

ನಮ್ಮ ಕ್ಷೇತ್ರವನ್ನು ಪಟ್ಟಿಯ ಹಂಗಿಲ್ಲದೆ, ಜನರ ಓಟಿನಿಂದ ನೇರವಾಗಿ ಗೆದ್ದಿದ್ದವಳು ಎದುರು ಪಕ್ಷದ ಟೇಡಾ ಬೂಕ್‌ಹೋಫ್. ಕಾಲುವೆಯ ಆಚೆ ದಡದಲ್ಲಿ ಗಿಡಗಳ ನರ್ಸರಿ ನಡೆಸುತ್ತಿದ್ದವಳು, ನಮಗಿಂತ ಎಂಟು ವರ್ಷ ದೊಡ್ಡವಳು, ಗಟ್ಟಿ ದನಿ. ಶನಿವಾರದ ಸಂತೆಯಲ್ಲಿ ಎರಡೂ ಪಕ್ಷದ ಮೇಜು ಎದುರು ಬದುರು. ಹಾಬೊ ಹೆಸರು ಅಚ್ಚು ಹಾಕಿಸಿದ ಕಲ್ಲುಸಕ್ಕರೆ ಪೊಟ್ಟಣ ಹಂಚುತ್ತಿದ್ದ. ಟೇಡಾ ಬೀಜದ ಪೊಟ್ಟಣ ಹಂಚುತ್ತಿದ್ದಳು. "ಹಾಬೊ, ನಿನ್ನ ಸಕ್ಕರೆ ತಿಂದು ಹಲ್ಲು ಹಾಳಾದೋರಿಗೆ ನಮ್ಮ ಪಕ್ಷ ದಂತವೈದ್ಯರನ್ನ ಕೊಡಿಸತ್ತೆ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಮಧ್ಯಾಹ್ನ ಗಾಳಿ ಜೋರಾದರೆ ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ವಿಧಾನಸಭೆಯಲ್ಲಿ ಒಬ್ಬರನ್ನೊಬ್ಬರು ಹರಿದು ಹಾಕಿ, ಮನೆಗೆ ಬರುವಾಗ ರೈಲಿನಲ್ಲಿ ಎದುರುಬದುರು ಕೂತು ನಿದ್ದೆ ಮಾಡುತ್ತ ಬರುತ್ತಿದ್ದರು.

ಹದಿಮೂರು ವರ್ಷದ ಹಿಂದೆ ವಿಧಾನಸಭೆಯಲ್ಲಿ ನಮ್ಮ ಪಕ್ಷದ ಸರಕಾರಕ್ಕೆ ಇದ್ದದ್ದು ಒಂದೇ ಓಟಿನ ಬಹುಮತ. ನಮ್ಮವರು ಅರವತ್ತೆಂಟು, ಅವರು ಅರವತ್ತೇಳು. ಸಣ್ಣ ಊರುಗಳ ಆಸ್ಪತ್ರೆಗಳನ್ನು ಮುಚ್ಚಿ ದೊಡ್ಡದರೊಳಗೆ ಸೇರಿಸುವ ಮಸೂದೆಯನ್ನು ನವೆಂಬರಿನಲ್ಲಿ ಮತಕ್ಕೆ ಹಾಕಬೇಕಿತ್ತು. ನಮ್ಮೂರಿನ ಪಕ್ಕದ ಅರವತ್ತು ಹಾಸಿಗೆಯ ಆಸ್ಪತ್ರೆಯೂ ಅದರಲ್ಲಿತ್ತು. ನಾನು ಹುಟ್ಟಿದ್ದು ಅಲ್ಲಿ, ನನ್ನ ತಾಯಿ ಕಣ್ಣು ಮುಚ್ಚಿದ್ದು ಅಲ್ಲಿ. ಅದನ್ನು ಉಳಿಸುತ್ತೇನೆ ಎಂದು ಟೇಡಾ ಮನೆ ಮನೆಗೆ ಹೋಗಿ ಹೇಳಿದ್ದಳು. ಹಾಬೊಗೂ ಮುಚ್ಚುವುದು ಇಷ್ಟವಿರಲಿಲ್ಲ. ಪಕ್ಷ ಮಸೂದೆ ಬೇಕು ಎಂದಿತ್ತು, ಬಾಯಿ ಮುಚ್ಚಿಕೊಂಡಿದ್ದ.

ಸಭೆಯಲ್ಲಿ ಒಂದು ಹಳೆಯ ಪದ್ಧತಿ ಇದೆ. ಒಂದು ಕಡೆಯವರು ಹಾಸಿಗೆ ಹಿಡಿದರೆ ಇನ್ನೊಂದು ಕಡೆಯವರೊಬ್ಬರು ತಾವಾಗಿಯೇ ಮತದಾನಕ್ಕೆ ಬರದೆ ಉಳಿಯುತ್ತಾರೆ. ಒಬ್ಬರ ಕಾಯಿಲೆಯಿಂದ ಇನ್ನೊಬ್ಬರಿಗೆ ಲಾಭ ಆಗಬಾರದು ಎಂದು. ಇದಕ್ಕೆ ಜೋಡಿ ಎನ್ನುತ್ತಾರೆ. ಯಾವ ಕಾನೂನಿನ ಪುಸ್ತಕದಲ್ಲೂ ಇದು ಬರೆದಿಲ್ಲ, ಬರೀ ಮಾತಿನ ಮೇಲೆ ನಡೆಯುತ್ತದೆ. ಎರಡೂ ಪಕ್ಷದ ನಾಯಕರಿಗೆ ತಿಳಿಸಿ ಮಾಡಿಕೊಳ್ಳುವುದು ರೂಢಿ. ಆದರೆ ನಾವು ವೆಸ್ಟರ್‌ಫೇನ್‌ನವರು. ಇಲ್ಲಿ ಹಸು ಮಾರಿದರೂ ಅಂಗೈಗೆ ಅಂಗೈ ಬಡಿದರೆ ಮುಗಿಯಿತು, ಕಾಗದ ಕೇಳಿದವನನ್ನು ಕಳ್ಳನ ಹಾಗೆ ನೋಡುತ್ತಾರೆ. ಟೇಡಾ ಮಾಡಿದ ತಪ್ಪು ಅದೇ. ನಾಯಕರಿಗೆ ಹೇಳದೆ ನೆರೆಯವನಿಗೆ ಹೇಳಿದಳು.

ಸೋಮವಾರ ಬೆಳಗ್ಗೆ ಕಚೇರಿಗೆ ಫೋನು ಬಂತು.

"ಗೇಶೆ, ಪಕ್ಕದಲ್ಲಿ ಹೊರಗಿನೋರು ಯಾರಾದ್ರೂ ಇದಾರಾ?"

"ಇಲ್ಲ ಟೇಡಾ, ಹೇಳು."

"ಎದೆಯಲ್ಲಿ ಗಂಟಾಗಿದೆ ಕಣೆ. ಬುಧವಾರ ತೆಗೀತಾರೆ. ಮುಂದಕ್ಕೆ ಹಾಕೋದು ಬೇಡ ಅಂದ್ರು ಡಾಕ್ಟರು. ನಮ್ಮ ಪಕ್ಷದೋರಿಗೆ ಗೊತ್ತಾದ್ರೆ ಮುಂದಿನ ಚುನಾವಣೆಗೆ ಇನ್ನೊಬ್ಬರನ್ನ ರೆಡಿ ಮಾಡ್ತಾರೆ. ನನ್ನ ಮಕ್ಕಳಿಗೂ ಹೇಳಿಲ್ಲ ನಾನು."

ಅವಳೇ ಮುಂದುವರಿಸಿದಳು.

"ಹಾಬೊ ಬುಧವಾರ ಮನೇಲಿ ಉಳೀತಾನಾ ಕೇಳು. ಇಬ್ಬರೂ ಹೋಗ್ಲಿಲ್ಲ ಅಂದ್ರೆ ಲೆಕ್ಕ ಸರಿಹೋಗತ್ತೆ."

ಹಾಬೊ ಪಕ್ಕದ ಕೋಣೆಯಲ್ಲೇ ಇದ್ದ, ಬಾಗಿಲು ತೆಗೆದೇ ಇತ್ತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದೆ. ಅವನ ಮುಖ ಬಾಡಿತು. "ಅಯ್ಯೋ ಪಾಪ," ಎಂದ. "ಉಳೀತೀನಿ ಅನ್ನು. ಕೈ ಬಡಿದು ಹೇಳಿದೀನಿ ಅಂತ ಹೇಳು." ನಾನು ಫೋನಿನಲ್ಲಿ, "ಹಾಬೊ ಹೂಂ ಅಂದ ಟೇಡಾ. ಮಾತು ಕೊಟ್ಟಿದಾನೆ. ನೀನು ನಿಶ್ಚಿಂತೆಯಾಗಿ ಹೋಗಿ ಬಾ," ಎಂದೆ. ಅವಳು, "ದೇವರು ಒಳ್ಳೇದು ಮಾಡ್ಲಿ," ಎಂದಳು. ಅವಳು ದೇವರ ಹೆಸರು ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಬುಧವಾರ ಬೆಳಗ್ಗೆ ಹಾಬೊ ಬೂಟು ಹಾಕಿಕೊಂಡು ಕಚೇರಿಗೆ ಬಂದಿದ್ದ, ಕಾಲುವೆ ನೋಡಲು ಹೋಗುತ್ತೇನೆ ಎಂದು. ಏಳೂವರೆಗೆ ಪಕ್ಷದ ನಾಯಕನ ಫೋನು. ಬಾಗಿಲು ಹಾಕಿಕೊಂಡು ಮಾತಾಡಿದ. ಹೊರಗೆ ಬಂದವನು ಬೂಟು ಬಿಚ್ಚಿ ಕರಿ ಶೂ ಹಾಕಿಕೊಳ್ಳತೊಡಗಿದ. ನಮ್ಮ ಕಡೆಯ ಒಬ್ಬ ಸದಸ್ಯ, ಅವನೂ ವೈದ್ಯನೇ, ಈ ಮಸೂದೆಗೆ ಕೈ ಎತ್ತುವುದಿಲ್ಲ, ತಟಸ್ಥನಾಗಿ ಉಳಿಯುತ್ತೇನೆ ಎಂದುಬಿಟ್ಟಿದ್ದನಂತೆ. ಹಾಬೊನೂ ಟೇಡಾಳೂ ಹೋಗದಿದ್ದರೆ ಅರವತ್ತಾರಕ್ಕೆ ಅರವತ್ತಾರು. ಸಮ ಬಂದರೆ ಮಸೂದೆ ಬಿದ್ದ ಹಾಗೆ.

"ಮಾತು ಕೊಟ್ಟಿದೀಯ ಹಾಬೊ," ಎಂದೆ.

"ಗೊತ್ತು."

"ನಾಯಕನಿಗೆ ಹೇಳಿದೆಯಾ?"

"ಹೇಳಿದೆ. ತನಗೆ ತಿಳಿಸ್ದೆ ಮಾಡ್ಕೊಂಡ ಜೋಡಿ ಜೋಡೀನೇ ಅಲ್ಲ ಅಂದ." ಲೇಸು ಕಟ್ಟುತ್ತ ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದ. "ಬರ್ಲಿನ್ ಸಂಸತ್ತಿನ ಪಟ್ಟಿ ಮುಂದಿನ ಮಾರ್ಚಿಗೆ ಮಾಡ್ತಾರಂತೆ. ಅದನ್ನೂ ಜ್ಞಾಪಿಸಿದ."

"ಟೇಡಾಗೆ ನಾನು ಫೋನ್ ಮಾಡ್ಲಾ?"

"ಬೇಡ. ದಾರಿಯಲ್ಲಿ ನಾನೇ ಮಾಡ್ತೀನಿ."

ಅವನು ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾರು ಸೇತುವೆ ದಾಟಿದ್ದನ್ನು ಕಿಟಕಿಯಿಂದ ನೋಡಿದೆ. ಆಸ್ಪತ್ರೆಯ ಫೋನ್ ನಂಬರು ಟೇಡಾ ಕೊಟ್ಟಿದ್ದಳು, ಚೀಟಿಯಲ್ಲಿ ಬರೆದಿಟ್ಟಿದ್ದೆ. ಅವಳ ಶಸ್ತ್ರಚಿಕಿತ್ಸೆ ಇದ್ದದ್ದು ಹತ್ತು ಗಂಟೆಗೆ. ಆಗಿನ್ನೂ ಎಂಟು. ಅವಳಿಗೆ ಹೇಳಿದ್ದರೆ ಅವಳು ತನ್ನ ಪಕ್ಷಕ್ಕೆ ಒಂದು ಮಾತು ತಿಳಿಸುತ್ತಿದ್ದಳು, ಅವರು ಸಭೆಯಲ್ಲಿ ಎದ್ದು ನಿಂತು ರಂಪ ಮಾಡಿ ಮತದಾನವನ್ನೇ ಮುಂದಕ್ಕೆ ಹಾಕಿಸುತ್ತಿದ್ದರು. ಫೋನು ಎತ್ತಿ ನಾಲ್ಕು ಅಂಕಿ ಒತ್ತಿದೆ. ಆಮೇಲೆ ಇಟ್ಟುಬಿಟ್ಟೆ. ಯಾಕೆ ಎಂದು ಕೇಳಿದರೆ ಈಗಲೂ ನಾಚಿಕೆಯಾಗುತ್ತದೆ. ಹಾಬೊ ಬರ್ಲಿನ್‌ಗೆ ಹೋದರೆ ಅವನ ಕಚೇರಿ ದೊಡ್ಡದಾಗುತ್ತದೆ, ನಾನೂ ಅದರ ಮುಖ್ಯಸ್ಥೆಯಾಗುತ್ತೇನೆ ಎನ್ನುವ ಆಸೆ ಆ ಕ್ಷಣದಲ್ಲಿ ನನ್ನ ತಲೆಯಲ್ಲಿತ್ತು.

ಮಸೂದೆ ಅರವತ್ತೇಳಕ್ಕೆ ಅರವತ್ತಾರು ಓಟಿನಿಂದ ಗೆದ್ದಿತು.

ಊರಿನಲ್ಲಿ ಮೊದಲು ಬೈಸಿಕೊಂಡವಳು ಟೇಡಾ. ಆಸ್ಪತ್ರೆ ಉಳಿಸುತ್ತೇನೆ ಎಂದವಳು ಅದೇ ದಿನ ಎಲ್ಲಿ ಹಾಳಾಗಿ ಹೋಗಿದ್ದಳು ಎಂದು ಸಂತೆಯಲ್ಲೆಲ್ಲ ಅದೇ ಮಾತು. ಮೂರನೆಯ ದಿನ ಪತ್ರಿಕೆಯವನು ಅವಳ ಮೊಬೈಲಿಗೆ ಫೋನು ಹಚ್ಚಿದಾಗ ಅವಳು ಆಸ್ಪತ್ರೆ ಹಾಸಿಗೆಯಿಂದಲೇ, ಕಾಯಿಲೆಯ ಮಾತೆತ್ತದೆ, "ಹಾಬೊ ವೀಬೆನ್ ಜೊತೆ ಒಪ್ಪಂದ ಆಗಿತ್ತು," ಎಂದಷ್ಟೇ ಹೇಳಿದಳು. ಅವನು ಫೋನಿಟ್ಟು ನೆಟ್ಟಗೆ ನಮ್ಮ ಕಚೇರಿಗೆ ಬಂದ. ಹುಡುಗು ಮುಖದವನು, ಕೈಯಲ್ಲಿ ಟಿಪ್ಪಣಿ ಪುಸ್ತಕ. "ವೀಬೆನ್ ಅವ್ರೇ, ನೀವು ಮಾತು ಕೊಟ್ಟು ಮುರಿದ್ರಂತೆ, ಹೌದಾ?" ಎಂದ.

ಹಾಬೊ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಮಾಡತೊಡಗಿದ. ನಾನು ಚಹಾ ಬಗ್ಗಿಸುತ್ತಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ, ಹಾಬೊ ಕಣ್ಸನ್ನೆಯನ್ನೂ ಮಾಡಿರಲಿಲ್ಲ. ನಾನೇ ಬಾಯಿ ಹಾಕಿದೆ.

"ತಪ್ಪು ನಂದು. ಟೇಡಾ ಫೋನ್ ಮಾಡಿದಾಗ ಇವರು ಇರ್ಲಿಲ್ಲ. ಹೇಗೂ ಒಪ್ತಾರೆ ಅಂತ ನಾನೇ ಹೂಂ ಅಂದುಬಿಟ್ಟೆ. ಆಮೇಲೆ ಇವರಿಗೆ ಹೇಳೋದು ಮರ್ತುಹೋಯ್ತು."

ಎಲುಬಿಲ್ಲದ ನಾಲಿಗೆ ಎನ್ನುವುದು ಸುಳ್ಳಲ್ಲ. ಪತ್ರಿಕೆಯವನು ಬರೆದುಕೊಂಡ. ಹಾಬೊ ನನ್ನ ಮುಖ ನೋಡಿದ, ಬಾಯಿ ತೆರೆದ, ಆಮೇಲೆ ಬಟ್ಟಲು ಎತ್ತಿ ಚಹಾ ಕುಡಿದ. ಪತ್ರಿಕೆಯವನು ಹೋದ ಮೇಲೆ, "ಗೇಶೆ, ಇದು ಬೇಕಿರಲಿಲ್ಲ," ಎಂದ. "ಹಾಗಾದ್ರೆ ಓಡಿಹೋಗಿ ಕರ್ಕೊಂಡು ಬಾ ಅವನನ್ನ," ಎಂದೆ. ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಮಾರನೆಯ ದಿನ ಟೇಡಾ ಫೋನು ಮಾಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ದನಿ ಸಣ್ಣಗಾಗಿತ್ತು. "ಪೇಪರಲ್ಲಿ ಓದಿದೆ ಕಣೆ. ಬಿಡು, ಮನಸ್ಸಿಗೆ ಹಚ್ಕೋಬೇಡ. ನನಗೆ ಸಮಾಧಾನ ಆಗ್ಲಿ ಅಂತ ತಾನೇ ಹೂಂ ಅಂದಿದ್ದು ನೀನು? ಮರೆವು ಯಾರಿಗಿಲ್ಲ. ನಿನ್ನ ಮೇಲೆ ಕೋಪ ಇಲ್ಲ ನಂಗೆ," ಎಂದಳು. ಅಷ್ಟು ನೋವಿನಲ್ಲಿ ಮಲಗಿದ್ದವಳು ನನಗೆ ಸಮಾಧಾನ ಹೇಳಿದಳು. ನಾನು ಅತ್ತೆ. ನಾಚಿಕೆಗೆ ಅತ್ತದ್ದನ್ನು ಅವಳು ಪಶ್ಚಾತ್ತಾಪ ಅಂದುಕೊಂಡಳು.

ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಮಾರ್ಚಿನಲ್ಲಿ ಪಟ್ಟಿ ಮಾಡುವ ಸಭೆ ಬಂತು. ಹಾಬೊನನ್ನು ಎಂಟನೆಯ ಜಾಗಕ್ಕೆ ಹಾಕಬೇಕೆಂದು ನಾಯಕ ಹೇಳಿದಾಗ ನಮ್ಮ ಪಕ್ಷದ ಕೆಲವರೇ ಎದ್ದು, ಮಾತಿಗೆ ತಪ್ಪಿದವನು ಎಂಬ ಹೆಸರು ಹೊತ್ತವನನ್ನು ಬರ್ಲಿನ್‌ಗೆ ಕಳಿಸಿದರೆ ಜನ ನಗುತ್ತಾರೆ ಎಂದರು. ಆಗ ಪತ್ರಿಕೆಯವರು ಮತ್ತೆ ಟೇಡಾಳನ್ನು ಕೇಳಿದರು. ಅವಳು ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಆ ಹೊತ್ತಿಗೆ ಕಾಯಿಲೆ ಊರಿಗೆಲ್ಲ ಗೊತ್ತಾಗಿತ್ತು, ನರ್ಸರಿಯ ಬಾಗಿಲಲ್ಲಿ ನಿಂತು ಹೇಳಿದಳು: "ಹಾಬೊ ವೀಬೆನ್‌ನ ಪಕ್ಷ ಕೆಟ್ಟದ್ದು. ಮನುಷ್ಯ ಒಳ್ಳೆಯವನು. ಅವನು ಮಾತಿಗೆ ತಪ್ಪೋನಲ್ಲ, ಅದು ಗುಮಾಸ್ತೆಯ ಮರೆವು. ಇದನ್ನ ನನಗಿಂತ ಚೆನ್ನಾಗಿ ಯಾರು ಹೇಳಬಲ್ಲರು?" ಆ ಮಾತು ಅವಳ ಫೋಟೋದೊಂದಿಗೆ ಅಚ್ಚಾಯಿತು. ಹಾಬೊಗೆ ಎಂಟನೆಯ ಜಾಗ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಅವನು ಬರ್ಲಿನ್ ಸಂಸತ್ತಿನ ಸದಸ್ಯನಾದ.

ಟೇಡಾಳ ಪಕ್ಷ ಅವಳನ್ನು ಕ್ಷಮಿಸಲಿಲ್ಲ. ಶತ್ರುವಿನೊಂದಿಗೆ ಗುಟ್ಟಾಗಿ ಜೋಡಿ ಮಾಡಿಕೊಂಡವಳು ಎಂದು ಮುಂದಿನ ಸಲ ಟಿಕೇಟು ಕೊಡಲಿಲ್ಲ. ಹದಿನೈದು ವರ್ಷ ವಿಧಾನಸಭೆಯಲ್ಲಿ ಗುಡುಗಿದವಳು ಮತ್ತೆ ಟೊಮೆಟೊ ಸಸಿ ಮಾರತೊಡಗಿದಳು. ಗಂಟು ವಾಸಿಯಾಯಿತು, ಅದೊಂದು ಪುಣ್ಯ. ಆಸ್ಪತ್ರೆ ಮುಚ್ಚಿತು. ನಮ್ಮೂರಿನ ಹೆಂಗಸರು ಹೆರಿಗೆಗೆ ನಲವತ್ತು ಕಿಲೋಮೀಟರು ಹೋಗುತ್ತಾರೆ.

ಬರ್ಲಿನ್ನಿನಲ್ಲಿ ಹಾಬೊ ಮೊದಲ ನಾಲ್ಕು ವರ್ಷ ಒದ್ದಾಡಿದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶುಕ್ರವಾರ ರೈಲಿಳಿದವನು ಮನೆಗೆ ಹೋಗದೆ ಕಚೇರಿಗೆ ಬಂದು ಸುಮ್ಮನೆ ಕೂರುತ್ತಿದ್ದ. ಯಾರಾದರೂ ಮಾತು, ಭರವಸೆ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಆಡುತ್ತಿದ್ದ. ಊರಿಗೊಂದು ಆಂಬುಲೆನ್ಸ್ ಠಾಣೆ ಬರಬೇಕೆಂದು ಮೂರು ಮಂತ್ರಿಗಳ ಬಾಗಿಲು ತಟ್ಟಿ, ಬೈಸಿಕೊಂಡು, ಕೊನೆಗೂ ತಂದ. ತೊಂಬತ್ತು ತುಂಬಿದ ಮುದುಕರ ಹುಟ್ಟುಹಬ್ಬ ಒಂದನ್ನೂ ಬಿಡಲಿಲ್ಲ. ಆದರೆ ಸೇತುವೆ ದಾಟಿ ಟೇಡಾಳ ಮನೆಗೆ ಮಾತ್ರ ಹೋಗಲಿಲ್ಲ. "ಹೋಗಿ ಹೇಳಿಬಿಡೋಣ ಕಣೋ, ಇಬ್ರೂ ಹೋಗೋಣ," ಎಂದು ಎರಡು ಸಲ ಅಂದೆ. "ಈ ಅವಧಿ ಮುಗೀಲಿ," ಎಂದ. ಅವಧಿ ಮುಗಿಯಿತು, ಇನ್ನೊಂದು ಶುರುವಾಯಿತು.

ನಾನೇ ಹೋಗಬಹುದಿತ್ತಲ್ಲ? ಹೋದರೆ ಹಾಬೊ ಬೀಳುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಬಳದ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಕಚೇರಿ ಮುಖ್ಯಸ್ಥೆ ಎಂದು ಬರೆದಿತ್ತು. ಅದನ್ನು ಹೇಳಿಕೊಳ್ಳಲಿಲ್ಲ. ಪ್ರತಿ ವಸಂತದಲ್ಲಿ ಟೇಡಾ ನನ್ನ ಕಿಟಕಿಗೆಂದು ಜೆರೇನಿಯಂ ಗಿಡ ಕಳಿಸುತ್ತಿದ್ದಳು, ದುಡ್ಡು ಕೊಟ್ಟರೆ ತಗೊಳ್ಳುತ್ತಿರಲಿಲ್ಲ. ಹಾಡಿನ ಗುಂಪಿನಲ್ಲಿ ಯಾರಾದರೂ ಮರೆಗುಳಿ ಎಂದು ರೇಗಿಸಿದರೆ ಅವಳು ಅವರ ಮೇಲೆಯೇ ಹರಿಹಾಯುತ್ತಿದ್ದಳು: "ಸಾಕು ನಿಲ್ಸಿ. ತಪ್ಪು ಒಪ್ಪಿಕೊಳ್ಳೋ ಧೈರ್ಯ ನಿಮ್ಮಲ್ಲಿ ಎಷ್ಟು ಜನಕ್ಕಿದೆ?" ಆ ದಿನಗಳಲ್ಲಿ ನಾನು ಬರೀ ತುಟಿ ಆಡಿಸುತ್ತಿದ್ದೆ, ಹಾಡುತ್ತಿರಲಿಲ್ಲ.

ಒಮ್ಮೆ, ಎಂಟನೆಯ ವರ್ಷವೋ ಏನೋ, ನೋಡಿ, ಇಲ್ಲೂ ಮರೆಗುಳಿಯ ಹಾಗೆ ಬರೆಯುತ್ತಿದ್ದೇನೆ. ಎಂಟನೆಯ ವರ್ಷವೇ, ಜೂನ್ ತಿಂಗಳು. ಬರ್ಲಿನ್ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಸಹಾಯಕರಿಗೆ ಹಾಬೊ ಕೆಲಸ ಹೇಳಿಕೊಡುತ್ತಿದ್ದ. ನಾನೂ ಅಲ್ಲಿಗೆ ಹೋಗಿದ್ದೆ. "ಫೋನಲ್ಲಿ ಏನೇ ಹೇಳಿದ್ರೂ ತಕ್ಷಣ ಬರೆದಿಡಿ. ನಮ್ಮ ಗೇಶೆ ಒಂದ್ಸಲ ಹೇಳೋದು ಮರೆತು ನಾನು ಎಂಥ ಪೇಚಿಗೆ ಸಿಕ್ಕಿಕೊಂಡೆ ಗೊತ್ತಾ?" ಎಂದು ನಗುತ್ತ ಇಡೀ ಕಥೆ ಹೇಳಿದ. ನಾನು ಅವನ ಮುಖವನ್ನೇ ನೋಡಿದೆ. ಅರವತ್ತು ವರ್ಷದಿಂದ ನೋಡಿದ ಮುಖ ಅದು, ಸುಳ್ಳು ಹೇಳಿದರೆ ಎಡಗಣ್ಣು ಕಿರಿದಾಗುತ್ತದೆ. ಆಗಲಿಲ್ಲ. ಆ ಸುಳ್ಳನ್ನು ಅಷ್ಟು ಸಲ ಕೇಳಿ, ಅಷ್ಟು ಸಲ ಹೇಳಿ, ಅವನು ಅದನ್ನು ನಂಬಿಬಿಟ್ಟಿದ್ದ. ಅವನ ಪಾಲಿನ ಪಾಪವೂ ನನ್ನ ತಲೆಗೇ ಬಂದು ಕೂತಿದೆ ಎಂದು ಅವತ್ತು ತಿಳಿಯಿತು.

ಇನ್ನು ಈ ಬೀಳ್ಕೊಡುಗೆ. ಟೇಡಾಗೆ ಈಗ ಎಪ್ಪತ್ತಾರು. ಚಳಿಗಾಲದಲ್ಲಿ ಎರಡು ಸಲ ಬಿದ್ದಿದ್ದಳು. ಅವಳು ಹೋಗಿಬಿಟ್ಟರೆ ಈ ಸುಳ್ಳು ನನ್ನ ಜೊತೆ ಮಣ್ಣಿಗೆ ಬರುತ್ತದೆ ಎನ್ನುವ ಹೆದರಿಕೆಯಿಂದ, ಬೀಳ್ಕೊಡುಗೆಯ ಒಂದು ವಾರ ಮುಂಚೆ ಹಾಬೊನನ್ನು ಕಾರಿನಲ್ಲಿ ಕೂರಿಸಿಕೊಂಡು ಕೇಳಿಯೇಬಿಟ್ಟೆ.

"ಆ ಬುಧವಾರದ ವಿಷಯ. ಟೇಡಾ ಬರ್ತಾಳೆ ಭಾನುವಾರ. ಈಗಲಾದ್ರೂ ಹೇಳ್ಬೇಕು ಹಾಬೊ."

ಅವನು ನನ್ನ ಕಡೆ ತಿರುಗಿದ. "ನೀನು ಇನ್ನೂ ಅದನ್ನೇ ಕಟ್ಕೊಂಡು ಕೊರಗ್ತಾ ಇದೀಯಾ?" ಎಂದ. ದನಿಯಲ್ಲಿ ಮರುಕ ಇತ್ತು. "ಆಯ್ತು. ಎಲ್ಲರ ಮುಂದೆ ನಾನೇ ಹೇಳ್ತೀನಿ. ನಿನ್ನ ಮನಸ್ಸು ಹಗುರ ಆಗ್ಲಿ." ಅಂದರೆ ಅವನಿಗೆ ನೆನಪಿದೆ ಎಂದುಕೊಂಡೆ. ಹದಿಮೂರು ವರ್ಷದಲ್ಲಿ ಮೊದಲ ಸಲ ಆ ವಾರ ಹೊಟ್ಟೆ ತುಂಬ ಉಂಡೆ.

ಭಾನುವಾರ ಮಧ್ಯಾಹ್ನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಇನ್ನೂರು ಜನ. ಕೇಲ್ ಸೊಪ್ಪು, ಸಾಸೇಜು, ಆಲೂಗಡ್ಡೆ, ಆಮೇಲೆ ಚಹಾ. ಟೇಡಾ ಕೋಲೂರಿಕೊಂಡು ಬಂದು ನಮ್ಮ ಕಡೆಯ ರೂಢಿಯಂತೆ ನಮಸ್ಕಾರ ಹೇಳಿ, "ಮೊಯಿನ್, ಗೇಶೆ. ಆ ಕಡೆ ಸರಿ, ನಂಗೂ ಜಾಗ ಬಿಡು," ಎಂದು ನನ್ನ ಪಕ್ಕದಲ್ಲೇ ಕೂತಳು. ನಾನು ಬರೆದ ಪುಟವನ್ನು ಯಾರೋ ಓದಿದರು. ಆಮೇಲೆ ಹಾಬೊ ಎದ್ದ. ಭಾಷಣ ಇವತ್ತಿಗೂ ಅವನಿಗೆ ಬರುವುದಿಲ್ಲ, ಕಾಲುವೆ, ಪಂಪು, ರೈಲು ಎಂದು ಅಲ್ಲಿಂದಿಲ್ಲಿಗೆ ಸುತ್ತಿದ. ಕೊನೆಗೆ ಕನ್ನಡಕ ತೆಗೆದು ನಮ್ಮ ಮೇಜಿನ ಕಡೆ ನೋಡಿದ.

"ಒಂದು ವಿಷಯ ಬಾಕಿ ಇದೆ. ಹದಿಮೂರು ವರ್ಷದ ಹಿಂದೆ ಒಂದು ಬುಧವಾರ. ಇಲ್ಲಿರೋ ಎಲ್ಲರಿಗೂ ಗೊತ್ತು."

ಹೇಳುತ್ತಾನೆ, ಹೇಳಿಬಿಡುತ್ತಾನೆ ಎಂದು ಚಹಾದ ಬಟ್ಟಲು ಕೆಳಗಿಟ್ಟೆ.

"ನಮ್ಮ ಗೇಶೆ ಅವತ್ತು ಒಂದು ಮಾತು ಹೇಳೋದು ಮರೆತಳು. ಅದನ್ನ ಇವತ್ತಿಗೂ ಮನಸ್ಸಲ್ಲಿಟ್ಟುಕೊಂಡು ಕೊರಗ್ತಾಳೆ. ಗೇಶೆ, ಎಲ್ಲರ ಮುಂದೆ ಹೇಳ್ತೀನಿ ಕೇಳು. ನಾನು ಅದನ್ನ ಯಾವತ್ತೋ ಕ್ಷಮಿಸಿದೀನಿ. ನೀನಿಲ್ಲದೆ ನಾನಿಲ್ಲ."

ಅವನ ಕಣ್ಣು ತುಂಬಿತ್ತು. ಎಡಗಣ್ಣು ಕಿರಿದಾಗಿರಲಿಲ್ಲ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು, ಬ್ರೆಡ್ಡಿನ ಅಂಗಡಿಯವಳು ಕಣ್ಣೊರೆಸಿಕೊಂಡಳು. ಟೇಡಾ ನನ್ನ ಕೈ ಹಿಡಿದು ಅದುಮಿ ಕಿವಿಯಲ್ಲಿ, "ನೋಡಿದೆಯಾ? ಅವನ ಮನಸ್ಸಲ್ಲಿ ಏನೂ ಇಲ್ಲ. ಇನ್ನಾದ್ರೂ ಬಿಡೆ, ಹುಚ್ಚಿ," ಎಂದಳು.

"ಟೇಡಾ," ಎಂದೆ, "ನಾನು ಮರೆತಿರಲಿಲ್ಲ."

ಚಪ್ಪಾಳೆಯಲ್ಲಿ ಅವಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೇಳಿಸಿತ್ತು. ಅವಳ ಕೈ ನನ್ನ ಕೈ ಮೇಲೆಯೇ ಇತ್ತು, ಅದುಮುವುದು ನಿಂತಿತು.

"ನಾನು ಫೋನ್ ಮಾಡಿದಾಗ ಅವನೆಲ್ಲಿದ್ದ?"

"ಪಕ್ಕದ ಕೋಣೇಲಿ. ಬಾಗಿಲು ತೆಗೆದಿತ್ತು. ಕೈ ಬಡಿದು ಹೇಳಿದೀನಿ ಅಂತ ಹೇಳು ಅಂದ. ಬುಧವಾರ ಬೆಳಗ್ಗೆ ಅವನು ಹೊರಟಾಗ ನಿನ್ನ ನಂಬರು ನನ್ನ ಕೈಯಲ್ಲಿತ್ತು. ಮಾಡ್ಲಿಲ್ಲ. ಆಮೇಲೆ ಪೇಪರಿನೋನಿಗೆ ಸುಳ್ಳು ಹೇಳಿದ್ದೂ ನಾನೇ. ಅವನು ಕೇಳಿರಲಿಲ್ಲ."

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಮುಂದೆ ನೋಡುತ್ತ ಕೂತಿದ್ದಳು. ಅಲ್ಲಿ ಜನ ಸಾಲು ಕಟ್ಟಿ ಹಾಬೊನ ಕೈ ಕುಲುಕುತ್ತಿದ್ದರು.

"ಅವನು ಮಾತಿಗೆ ತಪ್ಪೋನಲ್ಲ ಅಂತ ಇಡೀ ಜಿಲ್ಲೆಗೆ ಹೇಳಿದವಳು ನಾನು," ಎಂದಳು ಟೇಡಾ. "ನನ್ನ ಮಾತು ನಂಬಿ ಓಟು ಹಾಕಿದ್ರು ಜನ. ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಿ ಇಬ್ರೂ ಸೇರ್ಕೊಂಡು."

ಸೀಟು ಹೋದದ್ದು, ಆಸ್ಪತ್ರೆ ಮುಚ್ಚಿದ್ದು, ಅದಕ್ಕೆಲ್ಲ ಬೈಯುತ್ತಾಳೆ ಎಂದು ಹದಿಮೂರು ವರ್ಷ ಸಿದ್ಧವಾಗಿದ್ದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳು ಕೋಲು ಹಿಡಿದು ಎದ್ದಳು. ಕೈ ಕೊಡಲು ಹೋದೆ, ಬೇಡ ಎಂಬಂತೆ ತಲೆ ಆಡಿಸಿದಳು.

"ಮರೆತಿದ್ದಕ್ಕೆ ಕ್ಷಮಿಸಿದ್ದೆ ಗೇಶೆ ನಿನ್ನನ್ನ," ಎಂದಳು. "ಅದನ್ನ ಈಗ ವಾಪಸ್ ತಗೊಳ್ತಾ ಇದೀನಿ."

ಅವಳು ಕೋಟು ಹಾಕಿಕೊಂಡು, ಸಾಲಿನಲ್ಲಿ ನಿಂತವರನ್ನು ದಾಟಿ, ಹಾಬೊನ ಎದುರಿನಿಂದಲೇ ಹೊರಗೆ ಹೋದಳು. ಅವನು ನಗುತ್ತ ಚಾಚಿದ ಕೈ ಹಾಗೆಯೇ ಉಳಿಯಿತು. ಜನರ ತಲೆಗಳ ಮೇಲಿಂದ ನನ್ನ ಕಡೆ ತಿರುಗಿ, ಇವಳಿಗೆ ಏನಾಯಿತು ಎಂಬಂತೆ ಹುಬ್ಬೇರಿಸಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.